ಒಡೆದ ಕೊರಳಿಗೆ ಮನೆಮಂದಿಯ ಸೊಲ್ಲು: ಲೀವನ್ ಹೆಲ್ಮ್ ಅವರ ‘ಡರ್ಟ್ ಫಾರ್ಮರ್’

ದಿನಕ್ಕೆ ಹತ್ತು ಹನ್ನೆರಡು ಕೊರಳುಗಳನ್ನು ಕೇಳುವುದು ನನ್ನ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ನಾನು ಇಪ್ಪತ್ತೊಂದು ವರ್ಷಗಳಿಂದ ಧ್ವನಿ ಚಿಕಿತ್ಸೆ ಮಾಡುತ್ತಿದ್ದೇನೆ. ಪಾಠ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡ ಮೇಷ್ಟರು ಬರುತ್ತಾರೆ, ಸಂತೆಯಲ್ಲಿ ಕೂಗಿ ಕೂಗಿ ಧ್ವನಿತಂತುವಿನ ಮೇಲೆ ಗಂಟು ಬೆಳೆಸಿಕೊಂಡ ಸೊಪ್ಪಿನವರು ಬರುತ್ತಾರೆ, ಗಂಟಲಿನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಮುಗಿಸಿಕೊಂಡವರೂ ಬರುತ್ತಾರೆ. ಈ ಕೊನೆಯವರ ದನಿ ಬಾಗಿಲಾಚೆ ಕೇಳಿದರೂ ನನಗೆ ಗುರುತು ಸಿಗುತ್ತದೆ. ಒಣಗಿದ ಜೋಳದ ದಂಟನ್ನು ಕೈಯಲ್ಲಿ ತಿರುಚಿದರೆ ಏಳುವ ಸದ್ದು ಅದರೊಳಗೆ ಇರುತ್ತದೆ.

ತಮ್ಮ ಒಂದು ರಾತ್ರಿ ಮೊಬೈಲಿಗೆ ಹಾಡೊಂದನ್ನು ಕಳಿಸಿ, ‘ಅಕ್ಕ, ಈ ಗಂಟಲಿಗೆ ಏನಾಗಿದೆ ಹೇಳು’ ಎಂದು ಕೇಳಿದ್ದ. ಅರ್ಧ ನಿಮಿಷ ಕೇಳಿ ‘ವಿಕಿರಣ’ ಎಂದು ಉತ್ತರ ಬರೆದೆ. ಹಾಡನ್ನು ಪೂರ್ತಿ ಕೇಳಿದ್ದು ಅದಾದ ಮೇಲೆ. ಕೇಳಿ ಮುಗಿದಾಗ ಚಿಕಿತ್ಸಕಿಯ ಕಿವಿ ಪಕ್ಕಕ್ಕೆ ಸರಿದಿತ್ತು. ಮರುದಿನವೇ ಸಿಡಿ ಬೇಕೆಂದು ಹುಡುಕತೊಡಗಿದೆ. ಲೀವನ್ ಹೆಲ್ಮ್ ಎಂಬ ಹಾಡುಗಾರರ ಆ ಸಿಡಿಯ ಬಗ್ಗೆ ಈ ಬರಹ.

ಲೀವನ್ ಹೆಲ್ಮ್ ಹುಟ್ಟಿದ್ದು 1940ರಲ್ಲಿ, ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ. ಬೆಳೆದದ್ದು ಟರ್ಕಿ ಸ್ಕ್ರ್ಯಾಚ್ ಎಂಬ ಪುಟ್ಟ ಊರಿನ ಹತ್ತಿ ಹೊಲದಲ್ಲಿ. ತಂದೆ ಡೈಮಂಡ್, ತಾಯಿ ನೆಲ್, ಇಬ್ಬರೂ ಹೊಲದಲ್ಲಿ ದುಡಿದವರು, ಇಬ್ಬರೂ ಹಾಡುತ್ತಿದ್ದವರು. ತಂಗಿ ಲಿಂಡಾಳಿಗೆ ಅಪ್ಪ ಬಟ್ಟೆ ಒಗೆಯುವ ತೊಟ್ಟಿಯಿಂದಲೇ ತಂತಿವಾದ್ಯ ಮಾಡಿಕೊಟ್ಟಿದ್ದ. ಅಣ್ಣ ಗಿಟಾರ್, ತಂಗಿ ತೊಟ್ಟಿ. ಊರ ಮಕ್ಕಳ ಸ್ಪರ್ಧೆಗಳಲ್ಲಿ ಇವರದೇ ಜೋಡಿ. ಪಕ್ಕದ ಹೆಲೆನಾ ಪಟ್ಟಣದ ರೇಡಿಯೊ ಕೇಂದ್ರಕ್ಕೆ ಹೋಗಿ, ಅಲ್ಲಿನ ಕಪ್ಪುಜನರ ಬ್ಲೂಸ್ ಹಾಡುಗಳನ್ನು ಹಾಡುತ್ತಿದ್ದ ಸನ್ನಿ ಬಾಯ್ ವಿಲಿಯಮ್ಸನ್ ಅವರ ಹಿಂದೆ ಪೆಕ್ ಕರ್ಟಿಸ್ ಡ್ರಮ್ ಬಾರಿಸುವುದನ್ನು ಹುಡುಗ ಲೀವನ್ ಕಣ್ಣು ಕೀಳದೆ ನೋಡುತ್ತಿದ್ದ. ಮುಂದೆ ನಾಲ್ವರು ಕೆನಡಾದವರೊಂದಿಗೆ ‘ದಿ ಬ್ಯಾಂಡ್’ ಎಂಬ ತಂಡದಲ್ಲಿ ಡ್ರಮ್ ಬಾರಿಸುತ್ತಲೇ ಹಾಡಿದ. 1968ರಲ್ಲಿ ಅವರ ಮೊದಲ ಆಲ್ಬಮ್ ಬಂತು, 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಮೂಲ ತಂಡದ ವಿದಾಯದ ಕಛೇರಿ ನಡೆಯಿತು. ತಂಡದ ಕಥೆ ದೊಡ್ಡದು, ಅದನ್ನು ಬಲ್ಲವರು ಹಲವರಿದ್ದಾರೆ. ನನಗೆ ಬೇಕಾದದ್ದು ಅದರ ನಂತರದ ಕಥೆ.

1998ರಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂಬ ಸಲಹೆ ಬಂದಿತ್ತು. ಅವರು ಅದಕ್ಕೆ ಒಪ್ಪದೆ ನ್ಯೂಯಾರ್ಕಿನಲ್ಲಿ 28 ಸಲ ವಿಕಿರಣ ಚಿಕಿತ್ಸೆ ಮಾಡಿಸಿಕೊಂಡರು. ಬೇರೆಯವರಿಗೆ ಅದು ಬರಿಯ ಅಂಕಿ. ನನ್ನ ಮುಂದೆ ಕುರ್ಚಿಯಲ್ಲಿ ಕೂರುವವರು ಆ ದಿನಗಳನ್ನು ಒಂದೊಂದಾಗಿ ಎಣಿಸಿದವರು. ಹತ್ತನೆಯ ದಿನ ಸಾರು ರುಚಿಸಲಿಲ್ಲ, ಹದಿನೈದನೆಯ ದಿನ ನೀರು ನುಂಗಲಾಗಲಿಲ್ಲ, ಇಪ್ಪತ್ತನೆಯ ದಿನ ಕನ್ನಡಿಯಲ್ಲಿ ಕುತ್ತಿಗೆ ಸುಟ್ಟ ರೊಟ್ಟಿಯಂತೆ ಕಂಡಿತು ಎಂದು ಹೇಳುತ್ತಾರೆ.

ವಿಕಿರಣ ಗಡ್ಡೆಯನ್ನು ಮಾತ್ರ ಸುಡುವುದಿಲ್ಲ. ಧ್ವನಿತಂತುಗಳ ಮೇಲೆ ತೆಳುವಾದ ಒದ್ದೆ ಪೊರೆಯೊಂದಿದೆ. ಉಸಿರು ಹಾಯುವಾಗ ಅದು ಅಲೆಯೆದ್ದು ಕಂಪಿಸಿದರೆ ಸ್ವರ ಹುಟ್ಟುತ್ತದೆ. ಆಗತಾನೆ ಕಾಯಿಸಿ ಇಳಿಸಿದ ಹಾಲಿನ ಕೆನೆಯನ್ನು ನೆನೆಸಿಕೊಳ್ಳಿ. ಪಾತ್ರೆ ಅಲುಗಿದರೆ ಕೆನೆಯೂ ಅಲುಗುತ್ತದೆ. ವಿಕಿರಣದ ನಂತರ ಆ ಪೊರೆ, ಪಾತ್ರೆಯ ಅಂಚಿಗೆ ಒಣಗಿ ಅಂಟಿದ ಕೆನೆಯ ಹಾಗಾಗಬಹುದು. ಲಾಲಾರಸದ ಗ್ರಂಥಿಗಳೂ ಸೊರಗಿ ಬಾಯಿ ಒಣಗುತ್ತದೆ. ಮೇಲಿನ ಸ್ವರ ಕೈಗೆ ಸಿಗುವುದಿಲ್ಲ. ಮೆಲುದನಿಯಲ್ಲಿ ಎಳೆಯಬೇಕಾದ ಸ್ವರ ನಡುವೆಯೇ ಕಡಿಯುತ್ತದೆ. ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದ ಸಾಲಿಗೆ ಎರಡು ಉಸಿರು ಬೇಕಾಗುತ್ತದೆ. ಹಾಡಿ ಬದುಕಿದವರಿಗೆ ಇದು ಕೈ ಕಳೆದುಕೊಂಡಷ್ಟೇ ದೊಡ್ಡ ನಷ್ಟ.

ಲೀವನ್‌ಗೆ ಪಿಸುಮಾತಿಗಿಂತ ಹೆಚ್ಚು ಬಾರದ ಕಾಲವಿತ್ತು. ಆಗಲೂ ಅವರು ಮನೆಯಲ್ಲಿ ಕೂರಲಿಲ್ಲ. ‘ಬಾರ್ನ್ ಬರ್ನರ್ಸ್’ ಎಂಬ ಬ್ಲೂಸ್ ತಂಡದಲ್ಲಿ ಮಗಳು ಏಮಿ ಮುಂದೆ ನಿಂತು ಹಾಡಿದರೆ ಅಪ್ಪ ಹಿಂದೆ ಡ್ರಮ್ ಬಾರಿಸಿದರು. ‘ಡರ್ಟ್ ಫಾರ್ಮರ್’ನ ಬೀಜ ಅಲ್ಲಿದೆ ಎಂದು ನನ್ನ ನಂಬಿಕೆ. ತಂದೆ ಮಗಳ ಹಿಂದೆ ಕೂತು ಅವಳ ಉಸಿರಿಗೆ ತಾಳ ಹಾಕಿದ ವರ್ಷಗಳವು. ಹಾಡು ಮತ್ತೆ ಅಪ್ಪನಿಗೆ ಬಂದಾಗ ಮಗಳು ಆ ಸಾಲವನ್ನು ತೀರಿಸಿದಳು.

ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಅವರ ಮನೆಯೂ ಸ್ಟುಡಿಯೊವೂ ಆಗಿದ್ದ ದೊಡ್ಡ ಮರದ ಕೊಟ್ಟಿಗೆಯಿತ್ತು. 1991ರಲ್ಲಿ ಅದು ಬೆಂಕಿಗೆ ಸಿಕ್ಕಿ ಸುಟ್ಟಿತು, ಮತ್ತೆ ಕಟ್ಟಿದರು. ಕಾಯಿಲೆಯ ಖರ್ಚು ಏರಿ ಆ ಮನೆಯೇ ಕೈ ತಪ್ಪುವ ಹಾಗಾದಾಗ, 2004ರಿಂದ ಅಲ್ಲಿಯೇ ರಾತ್ರಿ ಕಛೇರಿಗಳು ಶುರುವಾದವು. ಅವಕ್ಕೆ ‘ಮಿಡ್‌ನೈಟ್ ರ್‍ಯಾಂಬಲ್’ ಎಂದು ಹೆಸರು. ಅವರ ಬಾಲ್ಯದಲ್ಲಿ ಊರಿಂದೂರಿಗೆ ಡೇರೆ ಹೊತ್ತು ಬರುತ್ತಿದ್ದ ಆಟದ ಕಂಪನಿಗಳು ಮನೆಮಂದಿಯ ಆಟ ಮುಗಿಸಿದ ಮೇಲೆ, ತಡರಾತ್ರಿಯವರೆಗೆ ಕಾದವರಿಗೆ ಇನ್ನೊಂದು ಆಟ ಆಡುತ್ತಿದ್ದವಂತೆ. ಹೆಸರು ಅಲ್ಲಿಂದ ಬಂದದ್ದು. ಜಾತ್ರೆ ಮೈದಾನದಲ್ಲಿ ನಾಟಕ ಕಂಪನಿಯ ಡೇರೆಯ ಮುಂದೆ ಅಜ್ಜನ ಕೈ ಹಿಡಿದು ನಿಂತ ನನಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಆ ರಾತ್ರಿಗಳಲ್ಲಿ ಡ್ರಮ್ ಬಾರಿಸುತ್ತ, ಮೊದಲು ಒಂದು ಹಾಡು, ಆಮೇಲೆ ಎರಡು, ಹೀಗೆ ಅವರ ದನಿ ಮರಳಿತು. ಗುಂಪಿನ ನಡುವೆ ದನಿ ಬೇಗ ಚಿಗುರುತ್ತದೆ ಎನ್ನುವುದನ್ನು ನಾನು ನನ್ನ ಕೋಣೆಯಲ್ಲಿಯೂ ಕಂಡಿದ್ದೇನೆ.

ಆಲ್ಬಮ್ ಬಂದದ್ದು 2007ರ ಅಕ್ಟೋಬರ್ ಕೊನೆಯಲ್ಲಿ, ವ್ಯಾನ್‌ಗಾರ್ಡ್ ಸಂಸ್ಥೆಯಿಂದ. 1982ರ ನಂತರ ಅವರು ಸ್ಟುಡಿಯೊದಲ್ಲಿ ಸ್ವಂತ ಹೆಸರಿನಲ್ಲಿ ಮಾಡಿದ ಮೊದಲ ಆಲ್ಬಮ್ ಇದು. ನಿರ್ಮಾಪಕರು ಇಬ್ಬರು, ಮಗಳು ಏಮಿ ಹೆಲ್ಮ್ ಮತ್ತು ಗೆಳೆಯ ಲ್ಯಾರಿ ಕ್ಯಾಂಪ್‌ಬೆಲ್. ಲ್ಯಾರಿ ಬಾಬ್ ಡಿಲನ್ ಅವರ ತಂಡದಲ್ಲಿ ಏಳು ವರ್ಷ ಇದ್ದವರು. ಗಿಟಾರ್, ಪಿಟೀಲು, ಮ್ಯಾಂಡೊಲಿನ್ ಯಾವುದನ್ನು ಕೊಟ್ಟರೂ ನುಡಿಸುವವರು. ಅವರ ಹೆಂಡತಿ ಟೆರೆಸಾ ವಿಲಿಯಮ್ಸ್ ಟೆನೆಸ್ಸಿಯ ಹತ್ತಿ ಬೆಳೆಯುವ ಮನೆತನದಿಂದ ಬಂದ ಗಾಯಕಿ. ಬಾಸ್ ನುಡಿಸಿದ ಬೈರನ್ ಐಸಾಕ್ಸ್ ಏಮಿಯ ‘ಒಲಬೆಲ್’ ತಂಡದವರು. ‘ಕ್ಯಾಲ್ವರಿ’ ಎಂಬ ಹಾಡನ್ನೂ ಅವರೇ ಬರೆದಿದ್ದಾರೆ. ಅಪ್ಪ ಮಗಳು, ಗಂಡ ಹೆಂಡತಿ, ಮಗಳ ಸ್ನೇಹಿತರು, ಅವರದೇ ಮನೆ. ಬಾಡಿಗೆ ಸ್ಟುಡಿಯೊದ ಗಡಿಯಾರ ನೋಡಿ ಹಾಡಿದ ಒಂದು ಸಾಲೂ ಈ ಸಿಡಿಯಲ್ಲಿ ಇದ್ದಂತೆ ಕೇಳಿಸುವುದಿಲ್ಲ.

ಹದಿಮೂರು ಹಾಡುಗಳಿವೆ. ಮೊದಲನೆಯ ‘ಫಾಲ್ಸ್ ಹಾರ್ಟೆಡ್ ಲವರ್ ಬ್ಲೂಸ್’ ಬಾಗಿಲು ಒದ್ದುಕೊಂಡು ಒಳಗೆ ಬರುತ್ತದೆ. ಡ್ರಮ್ ಸದ್ದಿಗೆ ಹೊಳಪಿಲ್ಲ; ಮಣ್ಣಿನ ಗೋಡೆಗೆ ಅಂಗೈಯಿಂದ ತಟ್ಟಿದ ಹಾಗಿದೆ, ಅದೇ ಅದರ ಸೊಗಸು. ಎರಡನೆಯದು ‘ಪುವರ್ ಓಲ್ಡ್ ಡರ್ಟ್ ಫಾರ್ಮರ್’. ಆಳುಕಾಳು ಇಲ್ಲದೆ ತಾನೇ ಮಣ್ಣಿಗಿಳಿದು ದುಡಿಯುವ ಬಡ ರೈತನನ್ನು ಅಲ್ಲಿ ಡರ್ಟ್ ಫಾರ್ಮರ್ ಎನ್ನುತ್ತಾರೆ. ಈ ಹಾಡಿನ ರೈತನ ಜೋಳ ಹೋಗಿದೆ, ಸಾಲ ಉಳಿದಿದೆ. ಕೈ ಕೆಸರಾಗಿಯೂ ಬಾಯಿ ಮೊಸರಾಗದವನು. ಹಾಡು ಅಳುವುದಿಲ್ಲ, ತೂಗುತ್ತ ಹೋಗುತ್ತದೆ. ಹತ್ತಿ ಹೊಲದಿಂದ ಬಂದವರ ಬಾಯಲ್ಲಿ ಅದಕ್ಕೆ ಬರುವ ತೂಕವೇ ಬೇರೆ. ಸ್ಟೀವ್ ಅರ್ಲ್ ಬರೆದ ‘ದಿ ಮೌಂಟನ್’ ಗಣಿ ಕೆಲಸದ ಮನೆತನದ ಹಾಡು. ಕಲ್ಲಿದ್ದಲಿಗಾಗಿ ಬೋಳಾದ ಬೆಟ್ಟವನ್ನು ಬಿಟ್ಟು ಹೋಗಲಾರದವನು ಅದನ್ನು ಹೇಳುತ್ತಾನೆ. ಸಂಡೂರಿನ ಕಡೆಯ ನನ್ನ ಸಹೋದ್ಯೋಗಿಯೊಬ್ಬರಿಗೆ ಇದರ ಅರ್ಥ ಹೇಳಿದೆ. ಅವರು ಏನೂ ಮಾತಾಡದೆ ಇನ್ನೊಮ್ಮೆ ಹಾಕಲು ಹೇಳಿದರು.

ನಾಲ್ಕನೆಯ ಹಾಡು ‘ಲಿಟಲ್ ಬರ್ಡ್ಸ್’. ಅದರ ಮುಂದಿನ ‘ದಿ ಗರ್ಲ್ ಐ ಲೆಫ್ಟ್ ಬಿಹೈಂಡ್’ನಂತೆ ಇದೂ ಅವರು ತಂದೆತಾಯಿಯಿಂದ ಕಲಿತ ಹಳೆಯ ಪದ. ಇಡೀ ಆಲ್ಬಮ್ ನನಗೆ ಈ ಒಂದು ಹಾಡಿನ ಸುತ್ತ ಕಟ್ಟಿದ ಮನೆಯಂತೆ ಕಾಣುತ್ತದೆ. ನಿಧಾನದ ಹಾಡು. ಸುಟ್ಟ ಗಂಟಲಿಗೆ ನಿಧಾನದ ಹಾಡು ಅತಿ ಕಷ್ಟದ್ದು; ಬಿರುಸಿನ ಹಾಡಿನಲ್ಲಿ ತಾಳ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ, ನಿಧಾನದ ಹಾಡಿನಲ್ಲಿ ಪ್ರತಿ ಸ್ವರವನ್ನೂ ನೀವೇ ಹೊರಬೇಕು. ಲೀವನ್ ಅದನ್ನು ಮರೆಮಾಚುವುದಿಲ್ಲ. ದನಿ ಗೀಚುತ್ತದೆ, ಕೆಲವು ಕಡೆ ಗಾಳಿಯೇ ಹೆಚ್ಚು, ಸ್ವರ ಕಡಿಮೆ. ಆಗ ಏಮಿ ಮತ್ತು ಟೆರೆಸಾ ಬರುತ್ತಾರೆ. ಬಂದು ಅವರ ದನಿಯನ್ನು ಮುಚ್ಚುವುದಿಲ್ಲ. ಎರಡೂ ಕಡೆ ತೋಳು ಕೊಟ್ಟು ಮೆಟ್ಟಿಲು ಹತ್ತಿಸುವವರಂತೆ ನಡುವಿನಲ್ಲಿ ಅವರನ್ನು ಇಟ್ಟುಕೊಂಡೇ ಮೇಲೆ ಹೋಗುತ್ತಾರೆ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯರು. ಕೊಳ್ಳೇಗಾಲದ ಕಡೆಯವರು, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು. ರಾತ್ರಿಯಿಡೀ ತಂಬೂರಿ ಹಿಡಿದು ಕಥೆ ಎತ್ತುತ್ತಿದ್ದವರಿಗೆ ವಿಕಿರಣದ ನಂತರ ಮೊಮ್ಮಗನನ್ನು ಅಂಗಳದಿಂದ ಕರೆಯುವಷ್ಟೂ ದನಿ ಉಳಿದಿರಲಿಲ್ಲ. ‘ಮ್’ ಎಂದು ಮೂಗಿನಲ್ಲಿ ಗುನುಗುವ ಅಭ್ಯಾಸ ಮಾಡಿಸುತ್ತಿದ್ದೆ. ಅವರು ಮಾಡುತ್ತಿದ್ದರು, ಆದರೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡು. ಒಂದು ದಿನ ಹೆಡ್‌ಫೋನ್ ಕಿವಿಗಿಟ್ಟು ‘ಲಿಟಲ್ ಬರ್ಡ್ಸ್’ ಕೇಳಿಸಿದೆ. ಭಾಷೆ ತಿಳಿಯದು, ತಾಳ ಬೇರೆ, ವಾದ್ಯ ಬೇರೆ. ಅವರು ಕಣ್ಣು ಮುಚ್ಚಿಕೊಂಡರು. ಬಲಗೈಯ ತೋರುಬೆರಳು ಇಲ್ಲದ ತಂಬೂರಿಯ ತಂತಿಯನ್ನು ಮೀಟತೊಡಗಿತು. ಆ ಬೆರಳಿನ ತುದಿಯಲ್ಲಿ ತಂತಿ ಕೊರೆದ ಹಳೆಯ ಗೆರೆಯಿತ್ತು. ಹಾಡು ಮುಗಿದಾಗ ಹೆಡ್‌ಫೋನ್ ತೆಗೆಯದೆಯೇ ಹೇಳಿದರು: ‘ಸೊಲ್ಲು ಹಿಡಿಯುವ ಹೆಣ್ಣುಮಕ್ಕಳು ಇವರ ಮನೆಯವರೇ. ಮಾತು ಮುಗಿಯಲಿ ಎಂದು ಕಾಯುವುದಿಲ್ಲ ನೋಡಿ. ಇವರ ಉಸಿರು ಎಲ್ಲಿ ತೀರುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿದೆ.’

ಮಗಳು ಹಾಡಿದ್ದಾಳೆ ಎಂದು ನಾನು ಅವರಿಗೆ ಹೇಳಿರಲಿಲ್ಲ.

ಆ ದಿನದಿಂದ ನಾನು ಈ ಆಲ್ಬಮ್ ಅನ್ನು ಅವರ ಕಿವಿಯಿಂದಲೇ ಕೇಳುತ್ತಿದ್ದೇನೆ. ಲೀವನ್ ಹೆಲ್ಮ್ ಹಳೆಯ ದನಿಯನ್ನು ಮರಳಿ ಪಡೆದರು ಎಂದು ಹಲವರು ಮೆಚ್ಚಿ ಹೇಳುತ್ತಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ಹಳೆಯ ದನಿ ಹೋಯಿತು, ಹೋದದ್ದು ಬರುವುದಿಲ್ಲ. ಇಲ್ಲಿರುವುದು ಮೂರು ಕೊರಳು ಸೇರಿ ಕಟ್ಟಿದ ಹೊಸ ದನಿ. ಕಥೆಗಾರ ಒಬ್ಬನೇ ಕಥೆ ಮುಗಿಸಲಾರ, ಸೊಲ್ಲು ಹೇಳುವವರು ಬೇಕು ಎಂಬುದನ್ನು ನಮ್ಮ ಮೇಳದವರು ತಲೆಮಾರುಗಳಿಂದ ಬಲ್ಲರು. ಅರ್ಕಾನ್ಸಾದ ಹೊಲದ ಮನೆಯಲ್ಲಿಯೂ ಅದು ಗೊತ್ತಿತ್ತು.

‘ಅನ್ನಾ ಲೀ’ ಹಾಡಿನಲ್ಲಿ ವಾದ್ಯಗಳು ಬಹುತೇಕ ಹಿಂದೆ ಸರಿದುಬಿಡುತ್ತವೆ, ಅಲ್ಲಿ ಈ ಕಟ್ಟುವಿಕೆ ಇನ್ನೂ ಬಿಚ್ಚಿ ಕಾಣುತ್ತದೆ. ‘ಬ್ಲೈಂಡ್ ಚೈಲ್ಡ್’ ನನಗೆ ಕೇಳಲು ಕಷ್ಟವಾದ ಹಾಡು. ತಾಯಿಯಿಲ್ಲದ ಕುರುಡು ಮಗುವೊಂದು ಅಪ್ಪನ ಎರಡನೆಯ ಮದುವೆಯ ದಿನ ಅಪ್ಪನೊಡನೆ ಮಾತಾಡುತ್ತದೆ. ಅರವತ್ತೇಳರ ಗಂಡಸು ಮಗುವಿನ ಮಾತನ್ನು ಹಾಡುತ್ತಾರೆ, ಆದರೆ ಮಗುವಿನ ದನಿಯನ್ನು ನಟಿಸಲು ಹೋಗುವುದಿಲ್ಲ. ಆ ಸಂಯಮವೇ ಹಾಡನ್ನು ಕಾಪಾಡಿದೆ. ‘ಸಿಂಗಲ್ ಗರ್ಲ್, ಮ್ಯಾರೀಡ್ ಗರ್ಲ್’ ಅಮೆರಿಕದ ಹಳೆಯ ಹಾಡುಗಾರರಾದ ಕಾರ್ಟರ್ ಮನೆತನದವರು 1927ರಲ್ಲಿ ಅಲ್ಲಿನ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಿಸಿದ ಪದ. ಮದುವೆಯಾಗದವಳ ಸಿಂಗಾರ ಒಂದು ಕಡೆ, ಮದುವೆಯಾದವಳ ತೊಟ್ಟಿಲು ಮತ್ತು ಕಣ್ಣೀರು ಇನ್ನೊಂದು ಕಡೆ. ನಮ್ಮಜ್ಜಿ ರಾಗಿಕಲ್ಲಿನ ಮುಂದೆ ಕೂತರೆ ಇದೇ ದುಃಖ ಬೇರೆ ಮಾತುಗಳಲ್ಲಿ ಹೊರಡುತ್ತಿತ್ತು.

ನನಗೆ ಒಗ್ಗದ್ದೂ ಇದೆ. ‘ಗಾಟ್ ಮಿ ಎ ವುಮನ್’ ಹಗುರವಾದ ಹಾಡು, ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಅದನ್ನೂ ‘ಎ ಟ್ರೈನ್ ರಾಬರಿ’ಯನ್ನೂ ಬರೆದವರು ಪಾಲ್ ಕೆನರ್ಲಿ. 1980ರಲ್ಲಿ ಬಂದ, ದರೋಡೆಕೋರ ಜೆಸ್ಸಿ ಜೇಮ್ಸ್ ಕಥೆಯ ಅವರ ಆಲ್ಬಮ್‌ನಲ್ಲಿ ಲೀವನ್ ಜೆಸ್ಸಿಯ ಪಾತ್ರಕ್ಕೆ ಹಾಡಿದ್ದರು, ಆ ಸ್ನೇಹದ ನೆನಪು ಇಲ್ಲಿ ಇರಬಹುದು. ರೈಲು ದರೋಡೆಯ ಹಾಡು ಕಟ್ಟುಮಸ್ತಾಗಿದೆ ನಿಜ, ಆದರೆ ‘ಅನ್ನಾ ಲೀ’ಯ ನಿಶ್ಶಬ್ದದ ಬೆನ್ನಿಗೆ ಒಂದರ ಮೇಲೊಂದು ಈ ಎರಡು ಹಾಡುಗಳು ಬಂದಾಗ ಮನಸ್ಸು ಬೇರೆ ಮನೆಗೆ ಹೊಕ್ಕಂತಾಗುತ್ತದೆ. ಕ್ರಮವನ್ನು ಸ್ವಲ್ಪ ಬದಲಿಸಿದ್ದರೆ ಒಳ್ಳೆಯದಿತ್ತು. ಕೊನೆಯ ‘ವೈಡ್ ರಿವರ್ ಟು ಕ್ರಾಸ್’ ಮಾತ್ರ ಇರಬೇಕಾದ ಜಾಗದಲ್ಲಿಯೇ ಇದೆ. ದಾಟಬೇಕಾದ ಹೊಳೆ ಇನ್ನೂ ಅಗಲವಾಗಿದೆ ಎಂದು ಹಾಡುವವರು ಈಗಾಗಲೇ ಎಷ್ಟು ಈಜಿದ್ದಾರೆ ಎನ್ನುವುದು ಆ ದನಿಯಲ್ಲೇ ಇದೆ.

ಆಲ್ಬಮ್‌ಗೆ 2008ರಲ್ಲಿ ಸಾಂಪ್ರದಾಯಿಕ ಜನಪದ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಲೀವನ್ ಸಮಾರಂಭಕ್ಕೆ ಹೋಗಲಿಲ್ಲ. ಏಮಿಗೆ ಮಗ ಹುಟ್ಟಿದ್ದ. ಕೊಟ್ಟಿಗೆಯಲ್ಲೇ ಮೊಮ್ಮಗನ ಹೆಸರಿನಲ್ಲಿ ಕಛೇರಿ ನಡೆಸಿದರು. ಈ ಒಂದು ಸಂಗತಿ ತಿಳಿದ ಮೇಲೆ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು. ಮುಂದೆ 2009ರಲ್ಲಿ ‘ಎಲೆಕ್ಟ್ರಿಕ್ ಡರ್ಟ್’ ಬಂತು. ಅದೂ ಒಳ್ಳೆಯ ಆಲ್ಬಮ್, ವಾದ್ಯಗಳ ಗತ್ತು ಹೆಚ್ಚು. ಎರಡರಲ್ಲಿ ಒಂದೇ ಕೊಳ್ಳುವವರು ‘ಡರ್ಟ್ ಫಾರ್ಮರ್’ ಕೊಳ್ಳಿ. ಕ್ಯಾನ್ಸರ್ ಮರಳಿ ಬಂದು 2012ರ ಏಪ್ರಿಲ್ 19ರಂದು ಅವರು ತೀರಿಕೊಂಡರು. ಅಂತಿಮ ದರ್ಶನಕ್ಕೂ ಜನ ಬಂದದ್ದು ಅದೇ ಕೊಟ್ಟಿಗೆಗೆ.

ಕೊಳ್ಳುವವರಿಗೆ ಎರಡು ಮಾತು. ನಾನು ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಮೊದಲ ಪ್ರತಿ, ಡಬ್ಬಿ ಒಡೆದು ಒಳಗಿನ ಪುಸ್ತಿಕೆಯ ಅಂಚು ಹರಿದು ಕೈಗೆ ಬಂತು. ಮೂರು ಸಲ ಪತ್ರ ಬರೆದರೂ ಅವರು ಬದಲಿಸಿ ಕೊಡಲಿಲ್ಲ, ಅದಕ್ಕಾಗಿ ಈಗಲೂ ಬೇಸರವಿದೆ. ಸಿಡಿ ಮಾತ್ರ ಗೀರಿಲ್ಲದೆ ಉಳಿದಿತ್ತು. ಇನ್ನೊಂದು, ಮೊಬೈಲಿನ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಸಣ್ಣ ಸ್ಪೀಕರ್ ಗೀಚುವ ದನಿಯನ್ನು ಕರ್ಕಶ ಮಾಡುತ್ತದೆ, ಬಾಸ್ ಮತ್ತು ಡ್ರಮ್‌ನ ಮಣ್ಣು ಪೂರ್ತಿ ಮಾಯವಾಗುತ್ತದೆ, ಹೆಣ್ಣುದನಿಗಳು ಮುಂದೆ ಬಂದು ಅಪ್ಪನನ್ನು ಹಿಂದೆ ತಳ್ಳುತ್ತವೆ. ಸಾಧಾರಣದ್ದಾದರೂ ಸರಿ, ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ. ಶಬ್ದ ತಗ್ಗಿಸಿ ಕೇಳಿದರೆ ಲೀವನ್ ಉಸಿರು ಎಳೆದುಕೊಳ್ಳುವ ಜಾಗಗಳೂ ಕೇಳಿಸುತ್ತವೆ.

ನೀಲಗಾರ ಹಿರಿಯರು ಮುಂದಿನ ಸಲ ಬಂದಾಗ ಮೊಮ್ಮಗನನ್ನು ಕರೆತಂದಿದ್ದರು. ಹುಡುಗನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ‘ನಾನು ಗುನುಗುತ್ತೇನೆ, ನನ್ನ ಉಸಿರು ನಿಲ್ಲುವ ಕಡೆ ನೀನು ಹಿಡಿ’ ಎಂದರು. ಅಂದು ಅವರು ಗೋಡೆಯ ಕಡೆ ತಿರುಗಲಿಲ್ಲ. ಸಿಡಿಯ ಎರಡನೆಯ ಪ್ರತಿ ತರಿಸಿ ಚಿಕಿತ್ಸೆಯ ಕೋಣೆಯಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲಿ ಹಳೆಯ ಪ್ಲೇಯರ್ ಮತ್ತು ಎರಡು ಹೆಡ್‌ಫೋನ್ ಇವೆ. ಮುಚ್ಚಳದ ಮೇಲೆ ಚೀಟಿ ಅಂಟಿಸಿ ನಾಲ್ಕು ಎಂದು ಬರೆದಿದ್ದೇನೆ.